ನಗಿಸಲು ಹೋದವರಿಗೆ ಬಾಗಿಲು ತೆಗೆಯುವ ಪಾತ್ರ

ಶಿವಮೊಗ್ಗದ ಓದುಗರೊಬ್ಬರು ಬರೆದಿದ್ದಾರೆ, ಹೆಸರು ಹಾಕಬೇಡಿ ಎಂದಿದ್ದಾರೆ. ಅವರ ಬಡಾವಣೆಯ ಹವ್ಯಾಸಿ ತಂಡ ಒಂದು ಪ್ರಹಸನಕ್ಕೆ ಆಡಿಷನ್ ಕರೆದಿತ್ತಂತೆ. ಆಫೀಸಿನಲ್ಲಿ, ಮದುವೆಮನೆಯಲ್ಲಿ ಎಲ್ಲರನ್ನೂ ನಗಿಸುವ ಇವರು ಧೈರ್ಯವಾಗಿಯೇ ಹೋದರು. ಜಿಪುಣ ಮಾವನ ಮಾತುಗಳನ್ನು ಮೂಗಿನಲ್ಲಿ ಎಳೆದು, ಕಣ್ಣು ಗುಡ್ಡೆ ತಿರುಗಿಸಿ, ಕುಂಟುತ್ತ ಓದಿದರು. ಸರದಿಗೆ ಕಾದಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ನಿರ್ದೇಶಕರು ಮಾತ್ರ, ‘ಸರಿ ಸಾರ್, ಈಗ ನಗಿಸದೆ ಓದಿ’ ಅಂದರು. ಕೊನೆಗೆ ಸಿಕ್ಕಿದ್ದು ಮೂರು ಸಲ ಬಾಗಿಲು ತೆಗೆಯುವ, ನಾಲ್ಕೇ ಮಾತಿನ ಆಳಿನ ಪಾತ್ರ. ‘ನಗೆನಾಟಕಕ್ಕೆ ನಗಿಸುವವನು ಬೇಡವೇ? ಒಪ್ಪಿಕೊಳ್ಳಲೋ, ಕೈಬಿಡಲೋ?’ ಎಂದು ಕೇಳಿದ್ದಾರೆ.

ಒಪ್ಪಿಕೊಳ್ಳಿ ಸ್ವಾಮಿ. ಬೇಸರ ನನಗೆ ಅರ್ಥವಾಗುತ್ತದೆ. ಆದರೆ ನಿರ್ದೇಶಕರು ನಿಮಗೆ ಅನ್ಯಾಯ ಮಾಡಿದ್ದಾರೆ ಎಂದು ನನಗೆ ಅನ್ನಿಸುತ್ತಿಲ್ಲ.

ಮದುವೆಮನೆಯಲ್ಲಿ ನಗಿಸುವವನಿಗೆ ತಾನು ತಮಾಷೆ ಮಾಡುತ್ತಿದ್ದೇನೆ ಎಂಬುದು ಗೊತ್ತಿರುತ್ತದೆ. ಪ್ರಹಸನದ ಪಾತ್ರಕ್ಕೆ ಅದು ಗೊತ್ತಾಗಲೇಬಾರದು. ಏಳನೇ ಶತಮಾನದ ಪಲ್ಲವ ದೊರೆ ಮಹೇಂದ್ರವರ್ಮ ಬರೆದ ‘ಮತ್ತವಿಲಾಸ’ವನ್ನೇ ನೋಡಿ. ಕಂಚಿಯ ಬೀದಿಯಲ್ಲಿ ಕುಡಿದು ತೂರಾಡುವ ಕಾಪಾಲಿಕನೊಬ್ಬ, ಅಂದರೆ ತಲೆಬುರುಡೆಯಲ್ಲಿ ಭಿಕ್ಷೆ ಬೇಡುವ ಶೈವ ಸನ್ಯಾಸಿ, ತನ್ನ ಭಿಕ್ಷೆಯ ಕಪಾಲ ಕಳೆದುಕೊಳ್ಳುತ್ತಾನೆ. ಅದನ್ನು ಕಚ್ಚಿಕೊಂಡು ಹೋದದ್ದು ನಾಯಿ, ಇವನು ಜಗಳಕ್ಕೆ ಬೀಳುವುದು ದಾರಿಯಲ್ಲಿ ಸಿಕ್ಕ ಬೌದ್ಧ ಭಿಕ್ಷುವಿನ ಜೊತೆ. ನಮಗೆ ನಗು. ಅವನಿಗೋ, ಕಪಾಲವಿಲ್ಲದ ಮೇಲೆ ತಾನು ಕಾಪಾಲಿಕ ಹೇಗಾದೇನು ಎಂಬ ಸಂಕಟ. ಆ ನಟ ಒಂದು ಸಲ ಪ್ರೇಕ್ಷಕರತ್ತ ಕಣ್ಣು ಹೊಡೆದರೂ ಸಾಕು, ಆಟ ಅಲ್ಲಿಗೆ ಮುಗಿಯಿತು.

ಕೈಲಾಸಂ ಅವರ ನಾಟಕಗಳಲ್ಲೂ ಇದೇ ಪರೀಕ್ಷೆ. ಅಲ್ಲಿನ ಮಂದಿ ಇಂಗ್ಲಿಷು ಕನ್ನಡ ಎರಡನ್ನೂ ಕಲಸಿ ಆಡುತ್ತಾರೆ. ಹೊಸಬರು ಒಂದೊಂದು ಇಂಗ್ಲಿಷ್ ಪದ ಬಂದಾಗಲೂ ಒತ್ತಿ, ಹುಬ್ಬು ಹಾರಿಸಿ ಓದುತ್ತಾರೆ. ಆಡುವವನಿಗೆ ಅದು ಜಗತ್ತಿನ ಅತಿ ಗೌರವದ ಭಾಷೆ, ನಗಲು ಅದರಲ್ಲೇನೂ ಇಲ್ಲ. ಹಾಗೆ ನಂಬಿ ಸಲೀಸಾಗಿ ಆಡಿದರೆ ಮಾತ್ರ ಕೆಳಗೆ ಕೂತವರು ನಗುತ್ತಾರೆ. ‘ನಗಿಸದೆ ಓದಿ’ ಅಂದದ್ದರ ಅರ್ಥ ಇಷ್ಟೇ. ಅದನ್ನು ಬಿಡಿಸಿ ಹೇಳಬಹುದಿತ್ತು, ನಿಜ. ನಮ್ಮ ನಿರ್ದೇಶಕರಿಗೆ ಒಗಟಿನಲ್ಲಿ ಮಾತಾಡುವ ಚಟ ಇದ್ದೇ ಇದೆ.

ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಬೇರೊಂದು ಸಾಲು. ‘ಎದುರಿಗೆ ಓದುತ್ತಿದ್ದ ಹುಡುಗಿಯ ಮಾತು ಯಾರಿಗೂ ಕೇಳಿಸಲಿಲ್ಲ, ಅಷ್ಟು ನಗು’ ಎಂದು ಹೆಮ್ಮೆಯಿಂದ ಬರೆದಿದ್ದೀರಿ. ಆ ಹುಡುಗಿ ಹೇಳಿದ್ದು ಏನು? ಪ್ರಹಸನದಲ್ಲಿ ಯಾರ ಪತ್ರ ಯಾರ ಕೈಗೆ ಹೋಯಿತು, ಯಾರು ಯಾರನ್ನು ಯಾರೆಂದು ತಿಳಿದರು ಎಂಬ ಲೆಕ್ಕ ಇಂಥ ಸಣ್ಣ ಮಾತಿನಲ್ಲೇ ಇರುತ್ತದೆ. ಅದು ತಪ್ಪಿದರೆ ಮುಂದಿನ ಅರ್ಧ ಗಂಟೆ ಜನ ಪಕ್ಕದವರನ್ನು ಕೇಳುತ್ತ ಕೂರಬೇಕು. ಇಬ್ಬರನ್ನು ಜೊತೆಗೆ ಓದಿಸುವಾಗ ಅನುಭವಸ್ಥ ನಿರ್ದೇಶಕ ಗಮನಿಸುವುದು ಮಾತಾಡುವವನಿಗಿಂತ ಹೆಚ್ಚಾಗಿ, ಮಾತು ಕೇಳಿಸಿಕೊಳ್ಳುತ್ತಿರುವವನನ್ನು.

ಇನ್ನು ಬಾಗಿಲು. ಅದನ್ನು ಹಗುರವಾಗಿ ಎಣಿಸಬೇಡಿ. ಪ್ಯಾರಿಸಿನ ಪ್ರಹಸನಕಾರ ಜಾರ್ಜ್ ಫೇದೋ (1862–1921) ನಾಟಕಗಳು ನಿಂತಿರುವುದೇ ಬಾಗಿಲುಗಳ ಮೇಲೆ, ಒಬ್ಬ ಅಡಗುವಷ್ಟರಲ್ಲಿ ಇನ್ನೊಬ್ಬ ಒಳಗೆ ಬರುತ್ತಾನೆ. ನಾನೂ ಕಾಲೇಜು ಬಿಟ್ಟ ಹೊಸತರಲ್ಲಿ ಒಂದು ತಂಡದಲ್ಲಿ ಆಳಾಗಿದ್ದೆ. ಒಂದು ಕೈಯಲ್ಲಿ ಕಾಫಿ ಲೋಟ, ಇನ್ನೊಂದು ಕೈ ಚಿಲಕದ ಮೇಲೆ. ಮೊದಲ ಪ್ರದರ್ಶನದಲ್ಲಿ ನಾನು ಅರ್ಧ ಉಸಿರು ಮುಂಚೆ ಚಿಲಕ ತೆಗೆದೆ. ಮಂಚದ ಕೆಳಗೆ ಅಡಗಬೇಕಿದ್ದ, ಹೆಂಡತಿಯ ಗೆಳೆಯನ ಎರಡು ಕಾಲೂ ಇನ್ನೂ ಹೊರಗಿದ್ದವು. ಒಳಗೆ ಬಂದ ಗಂಡ ಅದನ್ನು ನೋಡಿಯೂ ನೋಡದವನಂತೆ ಛತ್ರಿ ಹುಡುಕತೊಡಗಿದ. ಸಭೆಯಲ್ಲಿ ಕೆಮ್ಮು ಕೇಳಿಸಿತೇ ಹೊರತು ನಗುವಲ್ಲ. ಮರುದಿನ ತಾಲೀಮಿನಲ್ಲಿ ನಿರ್ದೇಶಕರು ಇಡೀ ಸಂಜೆ ನನ್ನ ಕೈಯಲ್ಲಿ ಆ ಒಂದು ಬಾಗಿಲನ್ನೇ ತೆಗೆಸಿದರು: ‘ಅವನ ಹಿಮ್ಮಡಿ ಒಳಗೆ ಹೋಗಲಿ, ಆಮೇಲೆ ಚಿಲಕ.’ ಎರಡನೇ ಪ್ರದರ್ಶನದಲ್ಲಿ ನಾನು ಬಾಯಿಯೇ ಬಿಡಲಿಲ್ಲ. ಬಾಗಿಲು ತೆರೆದದ್ದೇ ತಡ, ಗ್ಯಾಲರಿ ಗೊಳ್ಳೆಂದಿತು.

ತಾಲೀಮಿಗೆ ಹೋಗುವಾಗ ಪ್ರದರ್ಶನದ ದಿನ ಹಾಕುವ ಚಪ್ಪಲಿಯನ್ನೇ ಹಾಕಿಕೊಂಡು ಹೋಗಿ, ನಡಿಗೆಯ ಲೆಕ್ಕ ಅದರಿಂದಲೇ ಕೂರುತ್ತದೆ. ಜನ ನಕ್ಕಾಗ ಮುಂದಿನ ಮಾತನ್ನು ನಗುವಿನ ಮೇಲೆ ಸುರಿಯಬೇಡಿ. ಪೂರ್ತಿ ನಿಲ್ಲುವ ತನಕವೂ ಕಾಯಬೇಡಿ, ನಗು ಇಳಿಮುಖವಾಗುತ್ತಿದ್ದಂತೆ ಶುರು ಮಾಡಿ. ಮನೆಯವರಿಗೂ ಈಗಲೇ ಹೇಳಿಡಿ. ನಾಲ್ಕು ಮಾತಿನವನೂ ನಾಯಕನಷ್ಟೇ ಸಂಜೆಗಳನ್ನು ಕೊಡಬೇಕಾಗುತ್ತದೆ.

ಅಂದಹಾಗೆ, ಮೂರು ಸಲ ಬಾಗಿಲು ತೆಗೆಯಬೇಕೆಂದು ಬರೆದಿದ್ದೀರಿ. ಮೂರನೇ ಸಲ ತೆಗೆದಾಗ ಹೊರಗೆ ನಿಂತಿರುವವರು ಯಾರು ಎಂದು ಬರೆದಿಲ್ಲ. ನಾಟಕವನ್ನು ಪೂರ್ತಿ ಓದಿದ್ದೀರಿ ತಾನೆ?