ಕುರ್ಚಿ ಬಿಟ್ಟು ಏಳಲಿಲ್ಲ, ಆದರೂ ಸುಸ್ತು

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ದೂರು: ತಲೆ ಓಡುತ್ತಿಲ್ಲ. ದೂರು ಒಂದೇ ಆದರೂ ಓದುತ್ತಾ ಹೋದಂತೆ ಒಬ್ಬೊಬ್ಬರ ಸುಸ್ತೂ ಬೇರೆ ಬೇರೆ ಅನ್ನಿಸಿತು. ಹಾಗಾಗಿ ಮದುವೆ, ಜಗಳ, ಮಕ್ಕಳ ಹಟದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ತೆಗೆದಿಟ್ಟು ಇದೊಂದನ್ನೇ ಹಿಡಿದಿದ್ದೇನೆ. ಹೆಸರು, ಊರು ಯಾರದ್ದೂ ಹಾಕಿಲ್ಲ.

ಪ್ರಶ್ನೆ: ನನ್ನದು ಲೆಕ್ಕಪತ್ರದ ಕೆಲಸ. ಬೆಳಗ್ಗೆಯಿಂದ ಸಂಜೆವರೆಗೆ ಕುರ್ಚಿಯಲ್ಲೇ. ಭಾರ ಎತ್ತುವುದಿಲ್ಲ, ಬಿಸಿಲಲ್ಲಿ ನಿಲ್ಲುವುದಿಲ್ಲ. ಆದರೂ ಮನೆಗೆ ಬಂದಾಗ ‘ನಾಳೆ ಯಾವ ಅಂಗಿ ಹಾಕ್ತೀರಿ’ ಅಂತ ಹೆಂಡತಿ ಕೇಳಿದರೂ ರೇಗುತ್ತದೆ. ‘ಕೂತು ಮಾಡೋ ಕೆಲಸಕ್ಕೆ ಎಂಥ ಸುಸ್ತೋ’ ಅಂತಾರೆ ಅಪ್ಪ. ಇದು ಸೋಮಾರಿತನವೇ?

ಉತ್ತರ: ಅಲ್ಲ. ಅಪ್ಪನವರಿಗೆ ಒಂದು ಹಳೆಯ ಪ್ರಯೋಗದ ಬಗ್ಗೆ ಹೇಳಿ. ಇಟಲಿಯಲ್ಲಿ ಆಂಜೆಲೊ ಮೊಸ್ಸೊ ಅನ್ನುವ ಶರೀರಶಾಸ್ತ್ರಜ್ಞರಿದ್ದರು. ಬೆರಳಿಗೆ ತೂಕ ಕಟ್ಟಿ ಎತ್ತಿಸಿ, ಬೆರಳು ಸೋಲುವುದನ್ನು ಗೆರೆಯಾಗಿ ಬರೆದು ತೋರಿಸುವ ಯಂತ್ರವನ್ನು ಅವರು ಮಾಡಿದ್ದರು. ತಮ್ಮ ಸಹೋದ್ಯೋಗಿಯೊಬ್ಬರ ಬೆರಳನ್ನು ವಿದ್ಯಾರ್ಥಿಗಳ ಮೌಖಿಕ ಪರೀಕ್ಷೆಗೆ ಮುಂಚೆ ಒಮ್ಮೆ, ಪರೀಕ್ಷೆ ಮುಗಿದ ಮೇಲೆ ಒಮ್ಮೆ ಅಳೆದರು. ಆತ ಮಾಡಿದ್ದು ಕೂತು ಪ್ರಶ್ನೆ ಕೇಳಿದ್ದಷ್ಟೇ. ಬೆರಳಿನ ಕಸುವು ಕುಗ್ಗಿತ್ತು. ಇದೆಲ್ಲ 1891ರಲ್ಲೇ ಅಚ್ಚಾಗಿದೆ.

2009ರಲ್ಲಿ ಬ್ರಿಟನ್ನಿನ ಸಂಶೋಧಕರು ಇನ್ನೂ ಸೊಗಸಾಗಿ ತೋರಿಸಿದರು. ಕೆಲವರಿಗೆ 90 ನಿಮಿಷ ತಲೆ ತಿನ್ನುವ ಕೆಲಸ ಕೊಟ್ಟು, ಆಮೇಲೆ ವ್ಯಾಯಾಮದ ಸೈಕಲ್ ತುಳಿಸಿದರು. ಅದೇ ಜನ ತಲೆಗೆ ಕೆಲಸವಿಲ್ಲದ ದಿನ ತುಳಿದಷ್ಟು ಹೊತ್ತು ಈ ದಿನ ತುಳಿಯಲಾಗಲಿಲ್ಲ. ಹೃದಯ ಸರಿಯಾಗೇ ಇತ್ತು, ಕಾಲೂ ಸರಿಯಾಗೇ ಇತ್ತು. ತುಳಿಯುವುದು ಮಾತ್ರ ಮೊದಲಿಗಿಂತ ಕಷ್ಟ ಅನ್ನಿಸುತ್ತಿತ್ತು. ನಿಮ್ಮ ಅಂಗಿಯ ಪ್ರಶ್ನೆಯೂ ಹಾಗೇ. ಬೆಳಗ್ಗೆ ಕೇಳಿದ್ದರೆ ಅದು ಪ್ರಶ್ನೆಯೇ ಅಲ್ಲ.

ಮೆದುಳಿನ ಇಂಧನ ಖಾಲಿಯಾಗುತ್ತದೆ, ಅದಕ್ಕೇ ಸುಸ್ತು ಅಂತ ಹೇಳುವವರಿದ್ದಾರೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ದೇಹದ ತೂಕದಲ್ಲಿ ಮೆದುಳಿನ ಪಾಲು ಶೇಕಡಾ 2ರಷ್ಟು. ಸುಮ್ನೆ ಕೂತಾಗಲೂ ದೇಹ ಉರಿಸುವ ಶಕ್ತಿಯಲ್ಲಿ ಸುಮಾರು ಶೇಕಡಾ 20 ಅದಕ್ಕೇ ಹೋಗುತ್ತದೆ. ಆದರೆ ಕಷ್ಟದ ಲೆಕ್ಕ ಮಾಡಿದಾಗ ಆ ಖರ್ಚು ಏರುವುದು ತೀರಾ ಸ್ವಲ್ಪ. ಹಾಗಾಗಿ ಸಂಜೆ ಸಿಹಿ ತಿಂದು ತಲೆಗೆ ಚಾರ್ಜ್ ಮಾಡಿಕೊಳ್ಳುತ್ತೇನೆ ಅನ್ನುವುದು ನಾಲಿಗೆಯ ನೆಪ. 2022ರಲ್ಲಿ ಪ್ಯಾರಿಸ್ಸಿನ ಒಂದು ತಂಡ ಬೇರೆ ಸುಳಿವು ಕೊಟ್ಟಿದೆ. ಆರು ಗಂಟೆಗೂ ಮೀರಿ ಕಷ್ಟದ ಕೆಲಸ ಮಾಡಿದವರಲ್ಲಿ, ಹಣೆಯ ಹಿಂದೆ ಇರುವ ಮೆದುಳಿನ ಭಾಗದಲ್ಲಿ ಗ್ಲುಟಮೇಟ್ ಅನ್ನುವ ರಾಸಾಯನಿಕ ಶೇಖರವಾಗಿತ್ತು. ಅದೇ ಹೊತ್ತು ಕೆಲಸ ಮಾಡಿ, ಸುಲಭದ ಕೆಲಸ ಮಾಡಿದವರಲ್ಲಿ ಹಾಗಾಗಿರಲಿಲ್ಲ. ದಿನದ ಕೊನೆಗೆ, ದಣಿದವರು ಕಾದು ಹೆಚ್ಚು ಹಣ ಪಡೆಯುವುದಕ್ಕಿಂತ ಈಗಲೇ ಸಿಗುವ ಕಡಿಮೆ ಹಣದ ಕಡೆ ವಾಲಿದರು. ಇದೇ ಕೊನೆಯ ಮಾತು ಅಂತ ನಾನು ಹೇಳುವುದಿಲ್ಲ. ಆದರೆ ದೊಡ್ಡ ಖರೀದಿ, ರಾಜೀನಾಮೆ ಪತ್ರ, ಅಣ್ಣತಮ್ಮಂದಿರ ಜೊತೆ ಆಸ್ತಿಯ ಮಾತು ಇವನ್ನೆಲ್ಲ ಸಂಜೆ ಏಳಕ್ಕೆ ಇಟ್ಟುಕೊಳ್ಳಬೇಡಿ ಅಂತ ನಾನು ಹೇಳುವುದು ಇದಕ್ಕೇ.

ಮನೆಗೆ ಬಂದ ಮೊದಲ ಅರ್ಧ ಗಂಟೆ ಪ್ರಶ್ನೆ ಬೇಡ ಅಂತ ಹೆಂಡತಿಗೆ ಮೊದಲೇ ಹೇಳಿಡಿ, ರೇಗಿದ ಮೇಲಲ್ಲ. ಅಂಗಿಯನ್ನು ಭಾನುವಾರವೇ ಐದು ತೆಗೆದಿಡಿ.

ಪ್ರಶ್ನೆ: ನಾನು ಗೃಹಿಣಿ. ಮನೆಯಲ್ಲಿ ಗಂಡ, ಅತ್ತೆ, ಇಬ್ಬರು ಮಕ್ಕಳು. ಸುಳ್ಳು ಹೇಳಬಾರದು, ಗಂಡ ಕೆಲಸಕ್ಕೆ ಕೈ ಹಾಕುತ್ತಾರೆ. ‘ಏನು ಮಾಡ್ಬೇಕು ಹೇಳು, ಮಾಡ್ತೀನಿ’ ಅಂತಾರೆ. ಆದರೆ ಅತ್ತೆಯ ಮಾತ್ರೆ ಯಾವತ್ತು ಮುಗಿಯುತ್ತದೆ, ಮಗಳ ಶಾಲೆಯ ಫಾರಂ ಯಾವತ್ತು ಕೊಡಬೇಕು, ಸೋರುವ ನಲ್ಲಿಗೆ ಯಾರನ್ನು ಕರೆಯಬೇಕು, ಎಲ್ಲ ನನ್ನ ತಲೆಯಲ್ಲೇ. ರಾತ್ರಿ ಮಲಗಿದರೂ ತಲೆ ಮಲಗುವುದಿಲ್ಲ. ‘ಇಷ್ಟಕ್ಕೇ ಸುಸ್ತಾ?’ ಅನ್ನುತ್ತಾರೆ ಎಲ್ಲರೂ.

ಉತ್ತರ: ಆ ‘ಇಷ್ಟಕ್ಕೇ’ ಎಷ್ಟು ಅಂತ ಬಿಡಿಸಿ ನೋಡೋಣ. ಅಮೆರಿಕದ ಸಮಾಜಶಾಸ್ತ್ರಜ್ಞೆ ಆಲಿಸನ್ ಡಾಮಿಂಜರ್ 2019ರಲ್ಲಿ ದಂಪತಿಗಳನ್ನು ಕೂರಿಸಿ ಮಾತಾಡಿಸಿ, ಮನೆಯ ತಲೆಕೆಲಸವನ್ನು ನಾಲ್ಕಾಗಿ ಬಿಡಿಸಿದರು. ಮುಂದೆ ಏನು ಬೇಕಾಗುತ್ತದೆ ಅಂತ ಮೊದಲೇ ಕಾಣುವುದು. ಅದಕ್ಕೆ ದಾರಿಗಳನ್ನು ಹುಡುಕುವುದು. ತೀರ್ಮಾನ ಮಾಡುವುದು. ಆಮೇಲೆ ಅದು ಆಯಿತಾ ಇಲ್ಲವಾ ಅಂತ ಕಣ್ಣಿಡುವುದು. ತೀರ್ಮಾನ ಮಾಡುವಾಗ ಇಬ್ಬರೂ ಕೂಡುತ್ತಿದ್ದರು. ಮೊದಲನೆಯದು ಮತ್ತು ಕೊನೆಯದು ಮಾತ್ರ ಜಾಸ್ತಿ ಹೆಂಗಸರ ಪಾಲಿಗೇ ಬಿದ್ದಿತ್ತು. ಈ ಎರಡೂ ಯಾರ ಕಣ್ಣಿಗೂ ಬೀಳುವುದಿಲ್ಲ, ಮುಗಿಯಿತು ಅನ್ನುವ ಗಳಿಗೆಯೂ ಇವಕ್ಕಿಲ್ಲ. ಪಾತ್ರೆ ತೊಳೆದರೆ ಪಾತ್ರೆ ಹೊಳೆಯುತ್ತದೆ. ಮಾತ್ರೆ ಮುಗಿಯುವ ದಿನವನ್ನು ನೆನಪಿಟ್ಟುಕೊಂಡರೆ ಏನೂ ಕಾಣುವುದಿಲ್ಲ, ಮಾತ್ರೆ ಡಬ್ಬಿಯಲ್ಲಿರುತ್ತದೆ ಅಷ್ಟೆ.

ನಿಮ್ಮವರು ‘ಹೇಳು, ಮಾಡ್ತೀನಿ’ ಅಂದಾಗ ಕೈ ಕೊಡುತ್ತಿದ್ದಾರೆ. ಒಳ್ಳೆಯದೇ. ಆದರೆ ಹೇಳುವುದೇ ನಿಮ್ಮ ಸುಸ್ತಿನ ಅರ್ಧ ಭಾಗ, ಅಲ್ವಾ? ಹಾಗಾಗಿ ಕೆಲಸ ಹಂಚಬೇಡಿ, ವಿಷಯವನ್ನೇ ಪೂರ್ತಿ ಹಸ್ತಾಂತರ ಮಾಡಿ. ಅತ್ತೆಯ ಔಷಧ ಇನ್ನು ಮೇಲೆ ಅವರ ಮಗನದ್ದು. ಚೀಟಿ, ಡಾಕ್ಟರ ನಂಬರ್, ಮುಂದಿನ ತಪಾಸಣೆಯ ದಿನ, ಮಾತ್ರೆ ಎಣಿಸುವುದು, ಎಲ್ಲ. ನೀವು ನೆನಪಿಸಬಾರದು. ‘ತಂದ್ರಾ?’ ಅಂತ ಕೇಳಲೂಬಾರದು. ಕಷ್ಟ ಇರುವುದು ಇಲ್ಲೇ. ನನ್ನ ಸಮಾಲೋಚನೆಯ ಕೋಣೆಯಲ್ಲಿ ಕೂತ ಎಷ್ಟೋ ದಂಪತಿಗಳು ಇಲ್ಲಿಯವರೆಗೆ ನಗುತ್ತಾ ಒಪ್ಪುತ್ತಾರೆ. ಮುಂದಿನ ವಾರ ಬಂದಾಗ ಹೆಂಡತಿ ದಿನಕ್ಕೆ ಮೂರು ಸಲ ಡಬ್ಬಿ ತೆಗೆದು ನೋಡಿರುತ್ತಾಳೆ. ಹಾಗೆ ನೋಡಿದರೆ ಕಾವಲು ನಿಮ್ಮದೇ ಉಳಿಯಿತು. ಔಷಧದಲ್ಲಿ ಎಡವಟ್ಟಾದೀತು ಅಂತ ಭಯವಿದ್ದರೆ ಅಷ್ಟು ಅಪಾಯವಿಲ್ಲದ ಇನ್ನೊಂದರಿಂದ ಶುರು ಮಾಡಿ. ಶಾಲೆಯ ಫಾರಂ ಒಂದು ದಿನ ತಡವಾದರೆ ಆಕಾಶ ಬೀಳುವುದಿಲ್ಲ.

ರಾತ್ರಿಯ ವಿಷಯ. ಅರ್ಧಕ್ಕೆ ನಿಂತ ಕೆಲಸಗಳು ಮತ್ತೆ ಮತ್ತೆ ಮನಸ್ಸಿನ ಬಾಗಿಲು ಬಡಿಯುತ್ತವೆ. ಅವನ್ನು ರಾತ್ರಿಯೇ ಮಾಡಿ ಮುಗಿಸಬೇಕಾಗಿಲ್ಲ. ಯಾವಾಗ, ಹೇಗೆ ಮಾಡುತ್ತೇನೆ ಅಂತ ಗೊತ್ತು ಮಾಡಿಕೊಂಡರೂ ಬಡಿತ ಕಡಿಮೆಯಾಗುತ್ತದೆ. 2018ರ ಒಂದು ಅಧ್ಯಯನದಲ್ಲಿ 57 ಜನ ಯುವಕ ಯುವತಿಯರಲ್ಲಿ ಅರ್ಧದಷ್ಟು ಮಂದಿಗೆ ಮಲಗುವ ಮುಂಚೆ 5 ನಿಮಿಷ ಮುಂದೆ ಮಾಡಬೇಕಾದ್ದನ್ನು ಬರೆಯಲು ಹೇಳಿದರು. ಉಳಿದವರಿಗೆ ಮಾಡಿ ಮುಗಿಸಿದ್ದನ್ನು ಬರೆಯಲು ಹೇಳಿದರು. ಮಾಡಬೇಕಾದ್ದನ್ನು ಬರೆದವರು ಸುಮಾರು 9 ನಿಮಿಷ ಬೇಗ ನಿದ್ದೆ ಹೋದರು. ವಿವರವಾಗಿ ಬರೆದಷ್ಟೂ ಇನ್ನೂ ಬೇಗ. ‘ನಲ್ಲಿ’ ಅಂತಷ್ಟೇ ಬರೆದರೆ ಸಾಲದು. ‘ಗುರುವಾರ ಬೆಳಗ್ಗೆ ಹತ್ತಕ್ಕೆ ಪ್ಲಂಬರ್‌ಗೆ ಫೋನ್’ ಅಂತ ಬರೆಯಿರಿ. ಕಾಗದದಲ್ಲೇ ಬರೆಯಿರಿ. ಮೊಬೈಲ್ ತೆಗೆದರೆ ನಲ್ಲಿಯ ಜೊತೆ ಇನ್ನೂ ನಲವತ್ತು ವಿಷಯ ಬರುತ್ತವೆ.

ಪ್ರಶ್ನೆ: ಪರೀಕ್ಷೆಗೆ ಓದುತ್ತಿದ್ದೇನೆ. ನಾಲ್ಕು ಗಂಟೆ ಏಳದೆ ಕೂರುತ್ತೇನೆ. ಕಣ್ಣು ಪುಟದ ಮೇಲೇ ಇರುತ್ತದೆ, ಆದರೆ ಏನೂ ಒಳಗೆ ಹೋಗುವುದಿಲ್ಲ. ಏಕಾಗ್ರತೆ ಹೆಚ್ಚಿಸಲು ಏನು ಮಾಡಲಿ?

ಉತ್ತರ: ಏಳಿ. ಅದೇ ಮೊದಲ ಔಷಧ.

ಸಮಾಲೋಚನೆಗೆ ಬರುವ ಮುಂಚೆ ನಾನು ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದೆ. ಅಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ: ಸ್ವಲ್ಪ ಹೊತ್ತಾದ ಮೇಲೆ ಕಣ್ಣು ಅಲ್ಲಿ ಇರುವುದನ್ನು ಓದುವುದಿಲ್ಲ, ಇರಬೇಕಾದ್ದನ್ನು ಓದುತ್ತದೆ. ಒತ್ತಕ್ಷರ ಬಿಟ್ಟುಹೋಗಿದ್ದರೂ ಪದ ಪೂರ್ತಿ ಇದ್ದಂತೇ ಕಾಣುತ್ತದೆ. ಹಿರಿಯರು ಬೈಯುತ್ತಿರಲಿಲ್ಲ, ಹಾಳೆ ಕಿತ್ತುಕೊಂಡು ಪಕ್ಕದವರಿಗೆ ಕೊಡುತ್ತಿದ್ದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ವಾಯುಪಡೆಗೆ ಇದೇ ತಲೆನೋವು ಬಂದಿತ್ತು. ರಾಡಾರ್ ಪರದೆ ಕಾಯುವವರು ಕಣ್ಣೆದುರಿನ ಸುಳಿವನ್ನೇ ಕಾಣದೆ ಹೋಗುತ್ತಿದ್ದರು. ನಾರ್ಮನ್ ಮ್ಯಾಕ್‌ವರ್ತ್ ಅನ್ನುವ ಸಂಶೋಧಕರು ಒಂದು ಗಡಿಯಾರ ಮಾಡಿ, ಅದರ ಮುಳ್ಳು ಯಾವಾಗಲಾದರೊಮ್ಮೆ ಎರಡು ಹೆಜ್ಜೆ ಹಾರುವುದನ್ನು ಹಿಡಿಯಲು ಜನರನ್ನು ಎರಡು ಗಂಟೆ ಕೂರಿಸಿದರು. ಮೊದಲ ಅರ್ಧ ಗಂಟೆ ಕಳೆಯುತ್ತಲೇ ಕಣ್ಣಿಗೆ ಬೀಳದೆ ತಪ್ಪಿಹೋಗುವ ನೆಗೆತಗಳು ಹೆಚ್ಚಾದವು. ಅರ್ಧ ಗಂಟೆ ಕೆಲಸ, ಅರ್ಧ ಗಂಟೆ ಬಿಡುವು ಕೊಟ್ಟಾಗ ಆ ಕುಸಿತ ಕಾಣಲಿಲ್ಲ. 1948ರಲ್ಲಿ ಅವರು ಇದನ್ನು ಪ್ರಕಟಿಸಿದರು. ಯುದ್ಧದಲ್ಲಿ ಪ್ರಾಣ ಕೈಯಲ್ಲಿ ಹಿಡಿದವರಿಗೇ ಆಗದ್ದು ನಿಮಗೆ ಹಟದಿಂದ ಆಗುತ್ತದೆಯೇ?

ನಿಮಗೆ ಅರ್ಧ ಗಂಟೆ ಬಿಡುವು ಬೇಡ. ಮೂವತ್ತು ನಲವತ್ತು ನಿಮಿಷ ಓದಿ, ಪುಸ್ತಕ ಮುಚ್ಚಿ, ನೆನಪಿದ್ದಷ್ಟನ್ನು ಬರೆಯಿರಿ. ಆಮೇಲೆ ಐದು ಹತ್ತು ನಿಮಿಷ ನಡೆಯಿರಿ. ಆ ಬಿಡುವಿನಲ್ಲಿ ಮೊಬೈಲ್ ನೋಡಿದರೆ ಅದು ಬಿಡುವಲ್ಲ, ಇನ್ನೊಂದು ಪಾಠ. ನೋಡುತ್ತಿದ್ದದ್ದನ್ನು ಅರ್ಧಕ್ಕೆ ಬಿಟ್ಟು ಪುಸ್ತಕಕ್ಕೆ ಬಂದರೂ ಗಮನದ ಒಂದು ತುಣುಕು ಅಲ್ಲೇ ಉಳಿದಿರುತ್ತದೆ.

ಪ್ರಶ್ನೆ: ಸಂಜೆ ಆರಕ್ಕೆ ಒಂದು ಸ್ಟ್ರಾಂಗ್ ಕಾಫಿ ಕುಡಿದರೆ ಮತ್ತೆ ಲವಲವಿಕೆ. ತಪ್ಪೇನು?

ಉತ್ತರ: ಕಾಫಿ ಸುಸ್ತನ್ನು ಕಳೆಯುವುದಿಲ್ಲ, ಅದರ ಬಾಯಿ ಮುಚ್ಚಿಸುತ್ತದೆ. ಎಚ್ಚರವಿದ್ದಷ್ಟೂ ಹೊತ್ತು ಮೆದುಳಿನಲ್ಲಿ ಅಡೆನೊಸಿನ್ ಅನ್ನುವ ರಾಸಾಯನಿಕ ಕೂಡುತ್ತಾ ಹೋಗುತ್ತದೆ, ಅದೇ ತೂಕಡಿಕೆ ತರುವುದು. ಕಾಫಿಯಲ್ಲಿರುವ ಕೆಫೀನ್ ಅದರ ಜಾಗದಲ್ಲಿ ಕೂತುಬಿಡುತ್ತದೆ. ಬಹಳ ಜನರಲ್ಲಿ ಸುಮಾರು 5 ಗಂಟೆ ಆದ ಮೇಲೂ ಅರ್ಧ ಕೆಫೀನ್ ದೇಹದಲ್ಲೇ ಇರುತ್ತದೆ. 2013ರ ಒಂದು ಅಧ್ಯಯನದಲ್ಲಿ ಮಲಗುವ 6 ಗಂಟೆ ಮುಂಚೆ 400 ಮಿಲಿಗ್ರಾಂ ಕೆಫೀನ್ ಕೊಟ್ಟಾಗ ಒಂದು ಗಂಟೆಗೂ ಜಾಸ್ತಿ ನಿದ್ದೆ ಕಡಿಮೆಯಾಯಿತು. ನೀವು ಒಂದು ಕಪ್ಪಿನಲ್ಲಿ ಅಷ್ಟು ಕುಡಿಯುವುದಿಲ್ಲ, ನಿಜ. ಆದರೂ ಕೊನೆಯ ಕಪ್ಪನ್ನು ಮಧ್ಯಾಹ್ನಕ್ಕೆ ತಳ್ಳಿ, ಒಂದು ವಾರ ನೋಡಿ. ನಾನೂ ಕಾಫಿ ಬಿಡುವವಳಲ್ಲ.

ಪ್ರಶ್ನೆ: ಆಸ್ಪತ್ರೆಯೊಂದರ ಸ್ವಾಗತ ಕೌಂಟರಿನಲ್ಲಿದ್ದೇನೆ. ದಿನವಿಡೀ ಬೈಸಿಕೊಂಡು ನಗಬೇಕು. ಮನೆಗೆ ಬಂದರೆ ಅಮ್ಮನ ಜೊತೆ ಮಾತಾಡಲೂ ಮನಸ್ಸಿಲ್ಲ. ‘ಹೊರಗಿನವರ ಜೊತೆ ಚೆನ್ನಾಗಿ ನಗ್ತೀಯಲ್ಲ’ ಅಂತ ಅಮ್ಮ ನೊಂದುಕೊಳ್ಳುತ್ತಾರೆ.

ಉತ್ತರ: ಆ ನಗುವೂ ನೀವು ಸಂಬಳಕ್ಕೆ ಮಾಡುವ ಕೆಲಸವೇ. ಸಮಾಜಶಾಸ್ತ್ರಜ್ಞೆ ಆರ್ಲೀ ಹಾಕ್‌ಶೀಲ್ಡ್ ವಿಮಾನದ ಪರಿಚಾರಕಿಯರನ್ನು ಗಮನಿಸಿ 1983ರಲ್ಲೇ ಈ ಮಾತನ್ನು ವಿವರವಾಗಿ ಬರೆದರು. ಒಳಗೆ ಒಂದು ಅನ್ನಿಸುತ್ತಿರುವಾಗ ಮುಖದಲ್ಲಿ ಇನ್ನೊಂದನ್ನು ಹಿಡಿದಿಡಲು ಶ್ರಮ ಬೇಕು. ಲೆಕ್ಕಪತ್ರದವರಿಗೆ ಗೆಳೆಯರ ಹರಟೆ ವಿಶ್ರಾಂತಿ ಕೊಡಬಹುದು. ನಿಮಗೆ ಮುಖ ಸಡಿಲ ಬಿಡುವ ಜಾಗ ಬೇಕು. ಊಟದ ಹೊತ್ತಿನಲ್ಲಿ ಕೌಂಟರಿನಿಂದ ಎದ್ದು, ಯಾರಿಗೂ ಉತ್ತರ ಹೇಳಬೇಕಾಗಿಲ್ಲದ ಕಡೆ ಹೋಗಿ ಕೂರಿ. ಅಮ್ಮನಿಗೆ ಸುಸ್ತು ಅಂತ ಮಾತ್ರ ಹೇಳಿದರೆ ಅರ್ಥವಾಗದು. ಇವತ್ತು ಯಾರು ಏನಂತ ಬೈದರು, ನೀವು ನಗುತ್ತಾ ಏನು ಹೇಳಿದಿರಿ ಅಂತ ಒಂದು ದಿನ ಹಾಗೇ ಅಭಿನಯಿಸಿ ತೋರಿಸಿ. ಆಮೇಲೆ ಅಮ್ಮನ ಎದುರು ನಗದೆ ಕೂರಿ. ಅವರ ಎದುರು ನಗಬೇಕಾಗಿಲ್ಲ ಅನ್ನುವುದೇ ಅವರಿಗೆ ನೀವು ಕೊಡುವ ಸಲಿಗೆ, ಇದನ್ನೂ ಹೇಳಿ.

ಪ್ರಶ್ನೆ: ರಜೆಯ ದಿನ ಹತ್ತು ಗಂಟೆ ಮಲಗಿದರೂ ಸುಸ್ತು ಹೋಗುತ್ತಿಲ್ಲ. ಎರಡು ತಿಂಗಳಾಯಿತು. ಇಷ್ಟದ ಹಾಡು ಕೂಡ ಬೇಡ ಅನ್ನಿಸುತ್ತದೆ. ಧ್ಯಾನದ ಆ್ಯಪ್ ಹಾಕಿಕೊಳ್ಳಲೇ?

ಉತ್ತರ: ಆ್ಯಪ್ ಆಮೇಲೆ. ಮೊದಲು ಡಾಕ್ಟರನ್ನು ನೋಡಿ. ಮೇಲಿನ ಪತ್ರಗಳ ಸುಸ್ತು ಬಿಡುವು ಸಿಕ್ಕರೆ ಇಳಿಯುತ್ತದೆ. ನಿಮ್ಮದು ಇಳಿಯುತ್ತಿಲ್ಲ. ರಕ್ತಹೀನತೆ, ಥೈರಾಯ್ಡ್ ಕೊರತೆ, ಸಕ್ಕರೆ ಕಾಯಿಲೆ, ಬಿ12 ವಿಟಮಿನ್ ಕಡಿಮೆಯಾಗಿರುವುದು ಇವೆಲ್ಲ ಹೀಗೇ ಮುಖ ತೋರಿಸಬಹುದು, ಸಾಮಾನ್ಯ ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತವೆ. ಇಷ್ಟದ್ದೇ ಬೇಡವಾಗುವುದು ಎರಡು ವಾರ ದಾಟಿದರೆ ಖಿನ್ನತೆಯನ್ನೂ ಕೇಳಿ ನೋಡಬೇಕು. ನೀವು ಎರಡು ತಿಂಗಳು ಬರೆದಿದ್ದೀರಿ. ಅದಕ್ಕೆ ಚಿಕಿತ್ಸೆ ಇದೆ, ಕೆಲಸವನ್ನೂ ಮಾಡುತ್ತದೆ. ಬದುಕೇ ಬೇಡ ಅನ್ನುವ ಯೋಚನೆ ಬರುತ್ತಿದ್ದರೆ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ, ಇವತ್ತೇ ಒಬ್ಬರ ಹತ್ತಿರ ಹೇಳಿ, ಅವರ ಜೊತೆಗೇ ಆಸ್ಪತ್ರೆಗೆ ಹೋಗಿ.

ಡಾಕ್ಟರ ಎದುರು ಸುಸ್ತು ಅಂತಷ್ಟೇ ಹೇಳಿ ಎದ್ದು ಬರಬೇಡಿ. ಯಾವಾಗಿನಿಂದ, ದಿನದ ಯಾವ ಹೊತ್ತಿನಲ್ಲಿ ಜಾಸ್ತಿ, ತೂಕ ಇಳಿದಿದೆಯಾ ಏರಿದೆಯಾ, ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ ಅಂತ ಬರೆದುಕೊಂಡು ಹೋಗಿ. ಗೊರಕೆಯ ವಿಷಯವನ್ನೂ ಸೇರಿಸಿ. ನಿದ್ದೆಯಲ್ಲಿ ಉಸಿರು ಆಗಾಗ ನಿಲ್ಲುವ ತೊಂದರೆ ಇದ್ದರೆ ಹತ್ತು ಗಂಟೆ ಮಲಗಿದರೂ ಮಲಗಿದಂತಾಗುವುದಿಲ್ಲ. ಇದನ್ನು ಮಾತ್ರ ಮನೆಯವರನ್ನು ಕೇಳಿ ಬರೆಯಿರಿ, ಗೊರಕೆ ಹೊಡೆಯುತ್ತೇನೆ ಅಂತ ಒಪ್ಪಿಕೊಂಡವರನ್ನು ನಾನಿನ್ನೂ ಕಂಡಿಲ್ಲ.