ಅದು ವ್ಯಂಗ್ಯ ಅಲ್ಲ, ಹೊಗಳಿಕೆಯೇ

ತಮ್ಮಾ, ಅಕ್ಕ ಅಂತ ಕರೆದಿದ್ದೀಯ, ಹಾಗಾಗಿ ಏಕವಚನದಲ್ಲೇ ಬರೀತೀನಿ. ನೀನು ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಬಂದ ಮೇಲೆ ಮೊದಲ ಪ್ರಾಜೆಕ್ಟ್ ಮುಗಿದ ದಿನ ಟೀಮ್ ಲೀಡರ್‌ಗೆ "ನಿಮ್ಮ ಜೊತೆ ಕೆಲಸ ಮಾಡಿದ್ದು ಖುಷಿಯಾಯ್ತು, ತುಂಬಾ ಕಲಿತೆ" ಅಂದೆ. ಅವರು ನಗದೇ "ದಾಸ್ ಬೆರೂಟ್ ಔಫ್ ಗೇಗನ್‌ಸೈಟಿಷ್‌ಕೈಟ್" ಅಂದು ಲ್ಯಾಪ್‌ಟಾಪ್ ಮುಚ್ಚಿ ಹೊರಟರು. ಚುಚ್ಚಿದರಾ ಅಂತ ನಿನ್ನ ಅನುಮಾನ.

ಇಲ್ಲ ಮಾರಾಯ. ಆ ಜರ್ಮನ್ ಮಾತು ಅಂದ್ರೆ "ಅದು ಎರಡೂ ಕಡೆಯಿಂದ ಇದೆ" ಅಂತ. ನಿನಗೆ ಅವರ ಮೇಲೆ ಎಷ್ಟು ಗೌರವವೋ ಅವರಿಗೂ ನಿನ್ನ ಮೇಲೆ ಅಷ್ಟೇ ಅಂತ ಅದರರ್ಥ. ಈ ಶ್ವಾಬಿಯನ್ ಸೀಮೆಯ ಗಾದೆಯೇ "ನೆಟ್ ಗ್ಶಿಂಪ್ಫ್ಟ್ ಇಷ್ ಗ್ನುಗ್ ಗ್ಲೋಬ್ಟ್", ಬೈಯದೇ ಬಿಟ್ಟರೆ ಹೊಗಳಿದ ಲೆಕ್ಕ. ಅಂಥವರ ಬಾಯಿಂದ ಇಷ್ಟು ಬಂದಿದೆ ಅಂದ್ರೆ ಊರಿಗೆ ಫೋನ್ ಮಾಡಿ ಹೇಳಬಹುದು.

ಯಾರಾದರೂ ಹೊಗಳಿದರೆ ನಾವು "ಅಯ್ಯೋ, ನಂದೇನಿದೆ, ಎಲ್ಲ ನಿಮ್ಮ ಆಶೀರ್ವಾದ" ಅಂತೀವಿ, ಇಲ್ಲಾಂದ್ರೆ ಬಂದದ್ದಕ್ಕೆ ಎರಡರಷ್ಟು ಸೇರಿಸಿ ವಾಪಸ್ ಕೊಡ್ತೀವಿ. ಇಲ್ಲಿ ಎರಡೂ ನಡೆಯಲ್ಲ. ಒಂಟೆ ಮದುವೆಯಲ್ಲಿ ಕತ್ತೆ ಹಾಡಿ "ಅಹೋ ರೂಪಂ, ಅಹೋ ಧ್ವನಿಃ" ಅಂತ ಪರಸ್ಪರ ಹೊಗಳಿಕೊಂಡ ಶ್ಲೋಕ ಗೊತ್ತಲ್ಲ, ಇಲ್ಲಿನವರಿಗೆ ಆ ಮದುವೆಯ ವಾಸನೆ ಬೇಗ ಬಡಿಯುತ್ತೆ. ಹಾಗಾಗಿ ಹೊಗಳಿಕೆಯನ್ನು ಸುಮ್ಮನೆ ಒಪ್ಪಿಕೊಂಡು, ಒಂದೇ ಮಾತಲ್ಲಿ ಸಮ ಮಾಡಿ ಮುಗಿಸ್ತಾರೆ.

ಆದರೆ ಹುಷಾರು, ಅದೇ ಮಾತು ದ್ವೇಷಕ್ಕೂ ಸಲ್ಲುತ್ತೆ. ಕ್ಯಾಂಟೀನ್‌ನಲ್ಲಿ ಒಬ್ಬ "ಅವನಿಗೆ ನನ್ನ ಕಂಡ್ರೆ ಆಗಲ್ಲ" ಅಂದಾಗ, ಇನ್ನೊಬ್ಬಳು ಸೂಪು ಕಲಕುತ್ತಾ "ಬೆರೂಟ್ ಔಫ್ ಗೇಗನ್‌ಸೈಟಿಷ್‌ಕೈಟ್, ಅಲ್ವಾ?" ಅಂದಿದ್ದು ನಾನೇ ಕೇಳಿದ್ದೀನಿ. ಹಿಂದೆ ಏನು ಹೇಳಿದ್ರು ಅನ್ನೋದರ ಮೇಲೆ ಎಲ್ಲ ನಿಂತಿದೆ.

ನಿನಗೆ ದಿನಾ ಬೇಕಾಗೋದು ಇದಕ್ಕಿಂತ ಚಿಕ್ಕವು. ಹೊಸಬರು ಕೈಕುಲುಕಿ "ಫ್ರಾಯ್ಟ್ ಮಿಷ್" (ಖುಷಿಯಾಯ್ತು) ಅಂದರೆ "ಗಾಂಟ್ಸ್ ಮೈನರ್‌ಸೈಟ್ಸ್" (ನನಗೂ ಅಷ್ಟೇ) ಅನ್ನು. ಸ್ವಲ್ಪ ಹಳೇ ಕಾಲದ ಗತ್ತಿದೆ, ಆದರೂ ಹಿರಿಯರಿಗೆ ಹಿಡಿಸುತ್ತೆ. ಬೇಕರಿಯವಳು ಒಳ್ಳೇ ದಿನ ಹಾರೈಸಿದರೆ, ಪಕ್ಕದ ಟೇಬಲ್ಲಿನವರು "ಗೂಟನ್ ಅಪೆಟಿಟ್" (ಚೆನ್ನಾಗಿ ಊಟ ಮಾಡಿ) ಅಂದರೆ, "ಡಾಂಕೆ, ಗ್ಲೈಷ್‌ಫಾಲ್ಸ್" (ಥ್ಯಾಂಕ್ಸ್, ಹಾಗೆಯೇ) ಅನ್ನು. ಇವುಗಳ ದೊಡ್ಡ ಲಾಭ ಏನು ಗೊತ್ತಾ? "ಡೂ" (ನೀನು) ಅನ್ನಬೇಕಾ "ಝೀ" (ನೀವು) ಅನ್ನಬೇಕಾ ಅನ್ನೋ ತಲೆನೋವೇ ಇರಲ್ಲ. "ನಿಮಗೂ" ಅಂತ ಹೇಳಹೋದರೆ ಏಕವಚನ–ಬಹುವಚನ ಆರಿಸಲೇಬೇಕು. ಗ್ಲೈಷ್‌ಫಾಲ್ಸ್ ಯಾರಿಗಾದರೂ ಸೈ. ಹುಟ್ಟುಹಬ್ಬದ ಶುಭಾಶಯಕ್ಕೆ ಮಾತ್ರ ಹಾಗನ್ನಬೇಡ, ನಗ್ತಾರೆ. ಮಧ್ಯಾಹ್ನ ಕಾರಿಡಾರ್‌ನಲ್ಲಿ ಯಾರಾದರೂ "ಮಾಲ್‌ಟ್ಸೈಟ್" (ಊಟದ ಹೊತ್ತಿನ ನಮಸ್ಕಾರ) ಅಂದರೆ "ಮಾಲ್‌ಟ್ಸೈಟ್" ಅಂತಲೇ ಅನ್ನು.

ಬಾಯಲ್ಲಿ ಇಷ್ಟು ಜಿಪುಣರಾದವರು ಕಾಗದದಲ್ಲಿ ಬೇರೆಯೇ. ಕೆಲಸ ಬಿಡುವಾಗ ಕಂಪನಿ ಕೊಡೋ ಆರ್ಬೈಟ್ಸ್‌ತ್ಸಾಯ್ಗ್ನಿಸ್, ಅಂದ್ರೆ ಕೆಲಸದ ಪ್ರಮಾಣಪತ್ರ, ಪೂರ್ತಿ ಸಿಹಿ ಮಾತೇ, ಒಳಗೆ ಮಾರ್ಕ್ಸ್ ಅಡಗಿರುತ್ತೆ. "ಸದಾ ನಮ್ಮ ಪೂರ್ಣ ತೃಪ್ತಿಗೆ ತಕ್ಕಂತೆ" ಅಂತಿದ್ದರೆ ಒಳ್ಳೇ ದರ್ಜೆ, ಆ "ಸದಾ" ಬಿಟ್ಟುಹೋದರೆ ಒಂದು ಮೆಟ್ಟಿಲು ಕೆಳಗೆ, ಬರೀ "ನಮ್ಮ ತೃಪ್ತಿಗೆ" ಅಂದರೆ ಹೇಗೋ ಪಾಸು. ಅದನ್ನು ಓದೋದು ಹೇಗೆ ಅಂತ ಇನ್ನೊಮ್ಮೆ ಹೇಳ್ತೀನಿ, ಮೊದಲು ನಿನ್ನ ಪ್ರೊಬೇಷನ್ ಮುಗೀಲಿ.