ನಗರಸಭೆಗೆ ಹೊಸದಾಗಿ ಗೆದ್ದು ಬಂದ ನೀವು ಕೇಳಿದ್ದೀರಿ: ಹೊರಗುತ್ತಿಗೆ ವಾಲ್ವ್‌ಮನ್ (ನೀರು ಬಿಡುವವರು), ಲೋಡರ್, ಡ್ರೈವರ್‌ಗಳಿಗೆ ನ್ಯಾಯವಾದ ಸಂಬಳ ಎಷ್ಟು? ಊರಿನ ಖಾಸಗಿಯವರು ಕೊಡುವುದನ್ನು ವಿಚಾರಿಸಿ ನಿಗದಿ ಮಾಡಬಹುದೇ?

ಬೇಡ. ನಾವು ಅದನ್ನೇ ಮಾಡಿದ್ದೆವು, 2019ರಲ್ಲಿ.

ಆಗ ನಾನು ಹಳೇ ಮೈಸೂರು ಕಡೆಯ ಒಂದು ನಗರಸಭೆಯ ಲೆಕ್ಕ ಶಾಖೆಯಲ್ಲಿ ಎಫ್‌ಡಿಎ, ಅಂದರೆ ಪ್ರಥಮ ದರ್ಜೆ ಸಹಾಯಕ. ನಿಮ್ಮ ಹಾಗೇ ಹೊಸದಾಗಿ ಗೆದ್ದು ಬಂದಿದ್ದ ಸದಸ್ಯರೊಬ್ಬರು ಸಭೆಯಲ್ಲಿ ಎದ್ದು ನಿಂತು, ‘ಊರಲ್ಲಿ ಬೇರೆಯವರು ಎಷ್ಟು ಕೊಡ್ತಾರೆ ನೋಡ್ರಿ, ಆಮೇಲೆ ಟೆಂಡರ್ ಕರೀರಿ’ ಅಂದರು. ಸರಿ ಅಂತ ಅಕ್ಕಿ ಗಿರಣಿ, ಪೆಟ್ರೋಲ್ ಬಂಕ್, ಎರಡು ಗಾರ್ಮೆಂಟ್ಸ್ ಸುತ್ತಿ ಬಂದೆ. ಬಂಕ್ ಹುಡುಗರಿಗೆ ಕನಿಷ್ಠ ವೇತನವೂ ಸಿಗುತ್ತಿರಲಿಲ್ಲ. ಇದನ್ನು ಟಿಪ್ಪಣಿಯಲ್ಲಿ ಬರೆದಾಗ ಸಭೆಗೆ ಬಹಳ ಖುಷಿ. ನಾವು ಕನಿಷ್ಠ ವೇತನ ಕೊಡುತ್ತೇವೆ, ಅಂದರೆ ಊರಿಗಿಂತ ಹೆಚ್ಚೇ ಕೊಡುತ್ತೇವೆ! ಕಾನೂನು ಮುರಿಯುವವನನ್ನು ಅಳತೆಗೋಲು ಮಾಡಿಕೊಂಡರೆ ಕಾನೂನು ಪಾಲಿಸುವುದೇ ಔದಾರ್ಯ ಅನ್ನಿಸುತ್ತದೆ ನೋಡಿ.

ಆದರೆ ನನ್ನ ತಪ್ಪು ಅದಲ್ಲ. ದರಪಟ್ಟಿಯ ಒಂದು ಸಾಲು.

ಟೆಂಡರ್ ಕರಡು ತಯಾರಿಸುವಾಗ ಬೀದಿದೀಪ ನಿರ್ವಹಣೆಯ ಹಳೆ ಕಡತ ತೆಗೆದು ಅದರ ನಮೂನೆಯನ್ನೇ ಎತ್ತಿಕೊಂಡೆ. ಎಲ್ಲ ಕಚೇರಿಯಲ್ಲೂ ಹೀಗೇ. ಅದರ ದರದ ಕಾಲಂ ತಲೆಗೆ ‘ಎಲ್ಲ ಶಾಸನಬದ್ಧ ಪಾವತಿಗಳೂ ಸೇರಿ’ ಅಂತ ಇತ್ತು. ಬೀದಿದೀಪಕ್ಕೆ ಅದು ಒಳ್ಳೆಯ ಮಾತು, ನಾಳೆ ಆ ತೆರಿಗೆ ಈ ಫೀಸು ಅಂತ ಗುತ್ತಿಗೆದಾರ ಬಂದು ನಿಲ್ಲುವ ಹಾಗಿಲ್ಲ. ನಾನು ಆ ತಲೆಬರಹ ಬಿಟ್ಟು, ಅದರ ಕೆಳಗೆ ಕನಿಷ್ಠ ವೇತನದ ಅಂಕಿ ತುಂಬಿದೆ. ನಮ್ಮ ಹೊರಗುತ್ತಿಗೆಯ 38 ಜನರ ಹೊಟ್ಟೆಯ ಮೇಲೆ ಹೊಡೆದದ್ದು ಆ ತಲೆಬರಹ.

ಹೇಗೆ ಅಂದರೆ, ಲೆಕ್ಕಕ್ಕೆ ಸುಲಭವಾಗಲಿ, ಕೂಲಿ 10,000 ಅಂದುಕೊಳ್ಳಿ. ನೌಕರನ ಪಾಲು ಪಿಎಫ್ (ಭವಿಷ್ಯ ನಿಧಿ) 12%, ಇಎಸ್‌ಐ (ನೌಕರರ ವಿಮೆ) 0.75%. ಕಡಿತವಾಗಿ ಕೈಗೆ 8,725 ಬರಬೇಕು. ಮಾಲೀಕನ ಪಾಲು ಪಿಎಫ್, ಅದರ ವಿಮೆ ಮತ್ತು ಆಡಳಿತ ವೆಚ್ಚ ಸೇರಿ 13%, ಇಎಸ್‌ಐ 3.25%. ಒಟ್ಟು 1,625. ಇದು ಕೂಲಿಯ ಮೇಲೆ ಬೇರೆಯಾಗಿ ಬರಬೇಕಾದ ದುಡ್ಡು, ಅಂದರೆ ನನ್ನ ಕಾಲಂನಲ್ಲಿ 11,625 ಇರಬೇಕಿತ್ತು. ನಾನು ಬರೆದದ್ದು 10,000, ‘ಎಲ್ಲ ಸೇರಿ’. ಟೆಂಡರ್ ಗೆದ್ದು ಆಳು ಒದಗಿಸಿದ ಏಜೆನ್ಸಿಯವನು ಮಾಲೀಕನಾಗಿ ತಾನು ಕಟ್ಟಬೇಕಾದ ಪಾಲನ್ನೂ ಅದರಲ್ಲೇ ಹಿಡಿದ. ನೌಕರನ ಕೈಗೆ 7,100. ಮಾಲೀಕನ ಪಾಲನ್ನು ಕೂಲಿಯಿಂದ ಹಿಡಿಯುವಂತಿಲ್ಲ ಅಂತ ಪಿಎಫ್ ಸ್ಕೀಮಿನಲ್ಲಿ ಸ್ಪಷ್ಟವಾಗಿದೆ, ಕರಾರಿನಲ್ಲಿ ಏನೇ ಬರೆದಿರಲಿ. ಆದರೆ ಅವನು ತೋರಿಸಿದ್ದು ಸ್ಕೀಮನ್ನಲ್ಲ, ನನ್ನ ದರಪಟ್ಟಿಯನ್ನು. ಅದೂ ಅಲ್ಲದೆ ಆತ ಸೇವಾ ಶುಲ್ಕ ‘ಸೊನ್ನೆ’ ಅಂತ ನಮೂದಿಸಿ ಗೆದ್ದವನು. ಸೊನ್ನೆಗೆ ಯಾರು ಸ್ವಾಮಿ 38 ಜನರ ಹಾಜರಾತಿ ನೋಡಿಕೊಳ್ಳುತ್ತಾರೆ? ಆ ದಿನವೇ ನನಗೆ ವಾಸನೆ ಹೊಡೆಯಬೇಕಿತ್ತು.

2020ರ ಜನವರಿ. ವಾಲ್ವ್‌ಮನ್ ಒಬ್ಬ, ಹತ್ತೊಂಬತ್ತು ವರ್ಷದಿಂದ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ನೀರು ಬಿಡುತ್ತಿದ್ದವನು, ಕೆಲಸ ಮುಗಿಸಿ ನೇರ ಕಚೇರಿಗೆ ಬಂದ. ವಾಲ್ವ್ ತಿರುಗಿಸುವ ಉದ್ದನೆಯ ಕಬ್ಬಿಣದ ಕೀಲಿಯನ್ನು ನನ್ನ ಟೇಬಲ್‌ಗೆ ಒರಗಿಸಿದ, ಅದರ ತುದಿಯ ಹಸಿ ಮಣ್ಣು ನೆಲಕ್ಕೆ ಉದುರಿತು. ಸೀರೆ ಅಂಗಡಿಯ ಪ್ಲಾಸ್ಟಿಕ್ ಕವರ್ ಬಿಚ್ಚಿ ಪಾಸ್‌ಬುಕ್ ತೆಗೆದು ಕೊನೆಯ ಎರಡು ಸಾಲಿನ ಮೇಲೆ ಬೆರಳಿಟ್ಟ.

‘ಸಾರ್, ಪಿಎಫ್ ಎರಡು ಸಲ ಹಿಡೀತಾರಾ?’

‘ಏಜೆನ್ಸಿಯವರನ್ನ ಕೇಳಪ್ಪ’ ಅಂದೆ. ಸಂಜೆ ಬಸ್‌ನಲ್ಲಿ ಕೂತಾಗ ಆತ ಕೇಳಿದ್ದು ಅರ್ಥವಾಯಿತು. ಅರ್ಥವಾದ ಮೇಲೂ ಹನ್ನೊಂದು ತಿಂಗಳು ಸುಮ್ಮನಿದ್ದೆ. ಒಪ್ಪಂದ ಆಗಿಹೋಗಿದೆ, ಈಗ ಕೆದಕಿದರೆ ನನ್ನ ಸಹಿಯೇ ಮೊದಲು ಕಾಣುತ್ತದೆ ಅಂತ.

ಕೊನೆಗೆ ಆ ನೌಕರರೇ ಕಾರ್ಮಿಕ ಇಲಾಖೆಗೆ ಹೋದರು. ಆಗ ಜಾರಿಯಲ್ಲಿದ್ದ 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯ 21(4)ರ ಪ್ರಕಾರ ಗುತ್ತಿಗೆದಾರ ಕೊಡದ ಕೂಲಿಯನ್ನು ಮುಖ್ಯ ಮಾಲೀಕ, ಅಂದರೆ ನಗರಸಭೆ, ಕೊಡಬೇಕು. ಕೊಟ್ಟಿತು. ಏಜೆನ್ಸಿಯ ಭದ್ರತಾ ಠೇವಣಿ ಅರ್ಧಕ್ಕೂ ಸಾಲಲಿಲ್ಲ. ಆಡಿಟ್ ಆಕ್ಷೇಪಣೆ ಬಂತು, ನನಗೆ ನೋಟಿಸ್ ಬಂತು, ಒಂದು ಇನ್‌ಕ್ರಿಮೆಂಟ್ ಹೋಯಿತು. ಹೋಗಬೇಕಾದದ್ದೇ.

ಈಗ ನಿಮ್ಮ ಪ್ರಶ್ನೆ. ‘ಎಷ್ಟು ನ್ಯಾಯ’ ಅಂತ ಊರೆಲ್ಲ ಕೇಳಬೇಕಾಗಿಲ್ಲ. ತಳದ ಅಂಕಿಯನ್ನು ಸರ್ಕಾರ ಅಧಿಸೂಚನೆಯಲ್ಲಿ ಕೊಟ್ಟಿದೆ, ಪ್ರತಿ ಏಪ್ರಿಲ್‌ನಲ್ಲಿ ತುಟ್ಟಿಭತ್ಯೆ ಸೇರಿಸುತ್ತದೆ. ಮೇಲಿನ ಅಳತೆ ಬೇಕಾದರೆ ಅದೇ ಪಂಪ್‌ಹೌಸ್‌ನಲ್ಲಿರುವ ಕಾಯಂ ನೌಕರನ ಸಂಬಳ ಚೀಟಿ ನೋಡಿ. ರಾಜ್ಯದ ಏಳನೇ ವೇತನ ಆಯೋಗದ ಶಿಫಾರಸು ಜಾರಿಯಾಗಿ 2024ರ ಆಗಸ್ಟ್ 1ರಿಂದ ರಾಜ್ಯ ನೌಕರರ ಕನಿಷ್ಠ ಮೂಲ ವೇತನ 17,000ದಿಂದ 27,000ಕ್ಕೆ ಏರಿತು. ಪಕ್ಕದಲ್ಲಿ ಅದೇ ವಾಲ್ವ್ ತಿರುಗಿಸುವವನಿಗೆ ಏನು ಏರಿತು? ಸಮಾನ ಕೆಲಸಕ್ಕೆ ಸಮಾನ ವೇತನ ಅಂತ ಸುಪ್ರೀಂ ಕೋರ್ಟ್ 2016ರಲ್ಲಿ ಪಂಜಾಬಿನ ತಾತ್ಕಾಲಿಕ ನೌಕರರ ಪ್ರಕರಣದಲ್ಲಿ ಹೇಳಿದೆ. ಏಜೆನ್ಸಿ ಮೂಲಕ ಬಂದವರಿಗೆ ಅದು ಅನ್ವಯಿಸಲ್ಲ ಅಂತ ನಿಮ್ಮ ಕಾನೂನು ಸಲಹೆಗಾರರು ವಾದಿಸಬಹುದು. ಹಾಗಿದ್ದರೆ ನಡುವೆ ಏಜೆನ್ಸಿ ಯಾಕೆ ಬೇಕು ಅಂತ ನೀವು ಕೇಳಿ. ಪೌರಕಾರ್ಮಿಕರಿಗೆ ನೇರ ಪಾವತಿ ಆಯಿತು, 2025ರ ಮೇ 1ರಂದು ಬೆಂಗಳೂರಿನಲ್ಲಿ 12,692 ಜನರಿಗೆ ಕಾಯಂ ಆದೇಶವೂ ಸಿಕ್ಕಿತು. ಕಸದ ಗಾಡಿ ಓಡಿಸುವವನು, ನೀರು ಬಿಡುವವನು ಆಗ ಹೊರಗೇ ಉಳಿದಿದ್ದ.

ನೇರ ಪಾವತಿ ಈ ವರ್ಷ ಆಗಲ್ಲ ಅಂದರೆ, ಕನಿಷ್ಠ ಟೆಂಡರ್ ನೋಡಿ. ಕೂಲಿ ಒಂದು ಕಾಲಂ, ಮಾಲೀಕನ ಪಿಎಫ್, ಇಎಸ್‌ಐ ಇನ್ನೊಂದು, ಸೇವಾ ಶುಲ್ಕ ಮತ್ತೊಂದು. ಬಿಡ್‌ಗೆ ಬಿಡುವುದು ಕೊನೆಯದನ್ನು ಮಾತ್ರ. ಸೊನ್ನೆ ಹಾಕಿದವನ ಬಿಡ್ ತಿರಸ್ಕರಿಸುವ ಷರತ್ತು ಮೊದಲೇ ಸೇರಿಸಿ. ವಾರದ ರಜೆಗೆ ಬದಲಿ ಆಳಿನ ಖರ್ಚನ್ನೂ ಸೇರಿಸಿ, ಇಲ್ಲದಿದ್ದರೆ ರಜೆ ಅನ್ನುವುದು ಕಾಗದದಲ್ಲೇ ಉಳಿಯುತ್ತದೆ. ಹಿಂದಿನ ತಿಂಗಳ ಬ್ಯಾಂಕ್ ಜಮೆ ಪಟ್ಟಿ, ಹೆಸರುವಾರು ಪಿಎಫ್ ಚಲನ್ ಬಾರದೆ ಬಿಲ್ಲಿಗೆ ಸಹಿ ಆಗಬಾರದು. ಪಟ್ಟಿ ನಂಬಬೇಡಿ, ಬೆಳಗ್ಗೆ ಪಂಪ್‌ಹೌಸ್‌ಗೆ ಹೋಗಿ ನಾಲ್ಕು ಜನರ ಪಾಸ್‌ಬುಕ್ ನೋಡಿ ಬನ್ನಿ.

ಆ ವಾಲ್ವ್‌ಮನ್‌ಗೆ ಬಾಕಿ ಜಮೆ ಆದ ವಾರ ಮತ್ತೆ ಬಂದಿದ್ದ. ಅದೇ ಸೀರೆ ಅಂಗಡಿ ಕವರ್, ಅದೇ ಪಾಸ್‌ಬುಕ್. ಪೂರ್ತಿ ಬಂದಿದೆ ಅಂತ ಹೇಳಲು ಬಂದನೇನೋ ಅಂದುಕೊಂಡೆ.

‘ಬಡ್ಡಿ ಸೇರಿಸಿಲ್ವಲ್ಲ ಸಾರ್?’ ಅಂದ.